ಜಾಝ್ ನುಡಿಸುವಾಗ ಕಿವಿ ಮುಂದೆ, ಬೆರಳು ಹಿಂದೆ

ಜಾಝ್‌ನಲ್ಲಿ ಅಂತಃಪ್ರಜ್ಞೆ ಎಂದರೆ ಕೈಗೆ ಸಿಕ್ಕಿದ್ದನ್ನು ನುಡಿಸುವುದಲ್ಲ. ಮುಂದಿನ ಸ್ವರ ಮೊದಲು ಒಳಗಿವಿಗೆ ಕೇಳಿಸಬೇಕು, ಬೆರಳು ಅದನ್ನು ತಡಕಾಡದೆ ಮುಟ್ಟಬೇಕು. ಪಿಯಾನೊ ವಾದಕ ಲೆನ್ನಿ ಟ್ರಿಸ್ಟಾನೊ 1949ರಲ್ಲಿ ತಮ್ಮ ತಂಡದೊಂದಿಗೆ, ಕೀ (ಆಧಾರ ಸ್ವರ), ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಯಾವುದನ್ನೂ ಮೊದಲೇ ಗೊತ್ತುಮಾಡಿಕೊಳ್ಳದೆ ‘ಇಂಟ್ಯೂಷನ್’ ಧ್ವನಿಮುದ್ರಿಸಿದರು. ಅದೇ ಟ್ರಿಸ್ಟಾನೊ ಶಿಷ್ಯರಿಂದ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್‌ರ ಸೋಲೊಗಳನ್ನು (ಒಬ್ಬರೇ ಮುಂದೆ ನಿಂತು ನುಡಿಸುವ ಭಾಗಗಳನ್ನು) ಬಾಯಲ್ಲಿ ಹಾಡಿಸುತ್ತಿದ್ದರು. ಅಷ್ಟು ಸ್ವಾತಂತ್ರ್ಯಕ್ಕೆ ಬುನಾದಿ ಇಷ್ಟು ಕಟ್ಟುನಿಟ್ಟಿನದು.

ಅಭ್ಯಾಸಕ್ಕೆ ಎಫ್ ಕೀಯ 12 ಬಾರ್ ಬ್ಲೂಸ್ (ನಾಲ್ಕು ನಾಲ್ಕು ಬೀಟ್‌ನ ಹನ್ನೆರಡು ಬಾರ್‌ಗಳಲ್ಲಿ ಸುತ್ತುವ ಕಾರ್ಡ್‌ಗಳ ಚೌಕಟ್ಟು) ಸಾಕು: 1ರಿಂದ 4ನೇ ಬಾರ್ ಎಫ್7, 5–6 ಬಿ ಫ್ಲ್ಯಾಟ್7, 7–8 ಮತ್ತೆ ಎಫ್7, 9 ಸಿ7, 10 ಬಿ ಫ್ಲ್ಯಾಟ್7, 11–12 ಎಫ್7. ತಾಳ ತೋರುವ ಮೆಟ್ರೊನೋಮನ್ನು ನಿಮಿಷಕ್ಕೆ 50 ಟಿಕ್‌ಗೆ ಇಟ್ಟು, ಒಂದು ಟಿಕ್ಕನ್ನು 2ನೇ, ಮುಂದಿನದನ್ನು 4ನೇ ಬೀಟ್ ಎಂದು ಎಣಿಸಿ. ನಿಜವಾದ ವೇಗ 100 ಆಗುತ್ತದೆ. 1 ಮತ್ತು 3ನೇ ಬೀಟ್ ನೀವೇ ಹೊರಬೇಕು. ಸ್ವಿಂಗ್, ಅಂದರೆ ಜಾಝ್‌ನ ತೂಗುವ ಲಯ, ಬರುವುದು ಅಲ್ಲಿಂದ.

ಮೊದಲು ಇಷ್ಟದ ಒಂದು ಸೋಲೊದ ನಾಲ್ಕೇ ಬಾರ್ ಆರಿಸಿ. ಬರೆದುಕೊಳ್ಳಬೇಡಿ. ಧ್ವನಿಮುದ್ರಿಕೆಯನ್ನು ಶೇ. 70ರ ವೇಗಕ್ಕೆ ಇಳಿಸಿ, ಹದಿನೈದು ಇಪ್ಪತ್ತು ಸಲ ಕೇಳಿ, ಜೊತೆಗೆ ಹಾಡಿ, ಆಮೇಲೆ ಅದನ್ನು ನಿಲ್ಲಿಸಿ ಒಂಟಿಯಾಗಿ ಹಾಡಿ. ಉಸಿರು ಎಲ್ಲಿ, ಬೀಟ್‌ಗಿಂತ ತುಸು ಹಿಂದೆ ಸರಿದದ್ದು ಎಲ್ಲಿ ಎಂಬುದೂ ಬಾಯಿಗೆ ಬರಬೇಕು. ಅಲ್ಲಿಯವರೆಗೆ ವಾದ್ಯ ಪೆಟ್ಟಿಗೆಯಲ್ಲೇ ಇರಲಿ.

ನಂತರ ಪ್ರತಿ ಕಾರ್ಡ್‌ನ ಮೂಲಸ್ವರದಿಂದ ಎಣಿಸಿದ ಮೂರನೇ ಮತ್ತು ಏಳನೇ ಸ್ವರಗಳನ್ನು ಹಾಡಿ. ಎಫ್7ಕ್ಕೆ ಎ, ಇ ಫ್ಲ್ಯಾಟ್. ಬಿ ಫ್ಲ್ಯಾಟ್7ಕ್ಕೆ ಏಳನೆಯದು ಎ ಫ್ಲ್ಯಾಟ್, ಮೂರನೆಯದು ಡಿ. ಎಫ್7ರಿಂದ ಬಿ ಫ್ಲ್ಯಾಟ್7ಕ್ಕೆ ಬದಲಾದಾಗ ಎರಡೂ ಅರ್ಧ ಸ್ವರವಷ್ಟೇ ಇಳಿಯುತ್ತವೆ. ಈ ಇಳಿತ ಕಿವಿಗೆ ಹತ್ತಿದ ಮೇಲೆ ಬಾರ್ ಎಣಿಸದೆಯೂ ಐದನೇ ಬಾರ್ ಬಂದದ್ದು ತಿಳಿಯುತ್ತದೆ. ಸ್ಕೇಲ್‌ಗಳನ್ನು (ಸ್ವರಶ್ರೇಣಿಗಳನ್ನು) ಗಿಳಿಪಾಠ ಮಾಡುವುದರಿಂದ ಇದು ದಕ್ಕುವುದಿಲ್ಲ.

ಮೂರನೆಯದೇ ತಿರುಳು: ಎರಡು ಬಾರ್ ಹೊಸದಾಗಿ ಹಾಡಿ, ಮುಂದಿನ ಎರಡು ಬಾರ್‌ನಲ್ಲಿ ಅದನ್ನೇ ನುಡಿಸಿ. ಹತ್ತು ನಿಮಿಷ ಸಾಕು, ರೆಕಾರ್ಡ್ ಮಾಡಿ. ಹಾಡಿದ್ದು ಸರಳ, ನುಡಿಸಿದ್ದು ತುಂಬ ವೇಗದ್ದಾಗಿದ್ದರೆ ಬೆರಳು ಹಳೆಯ ಜಾಡು ಹಿಡಿದಿದೆ ಎಂದರ್ಥ. ಅದಕ್ಕೆ ಮದ್ದು ಕೀ ಬದಲಿಸುವುದು, ಇಲ್ಲವೇ ಮೂರೇ ಸ್ವರಗಳಿಗೆ ಕಟ್ಟುಬೀಳುವುದು. ಸ್ವರ ಅತ್ತಿತ್ತ ತಪ್ಪುತ್ತಿದ್ದರೆ ದೋಷ ಕಿವಿಯದು. ಎರಡು ಬಾರ್ ಬಿಟ್ಟು ಒಂದೇ ಬಾರ್‌ಗೆ ಇಳಿಯಿರಿ. ತಪ್ಪಿದ ಸ್ವರದಲ್ಲಿ ನಿಲ್ಲಬೇಡಿ. ಸ್ಕೇಲ್‌ನ ಹೊರಗಿನ ಯಾವ ಸ್ವರದಿಂದಲೂ ಅರ್ಧ ಸ್ವರ ಸರಿದರೆ ಒಳಗಿನದು ಸಿಗುತ್ತದೆ, ಕೇಳುಗರಿಗೆ ಅದು ಬೇಕೆಂದೇ ಮಾಡಿದಂತಿರುತ್ತದೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಿಂದ ಬಂದವರಿಗೆ ಸ್ವರಲಿಪಿಯೇ ಕಟ್ಟು. ಮೊಜಾರ್ಟ್ ಕಾಲದಲ್ಲಿ ಕಾನ್ಸರ್ಟೊದ (ವಾದ್ಯವೃಂದದೊಡನೆ ಒಬ್ಬರು ಮುಖ್ಯವಾಗಿ ನುಡಿಸುವ ಕೃತಿಯ) ಕೆಡೆನ್ಜಾ, ಅಂದರೆ ವೃಂದ ಸುಮ್ಮನಾದಾಗ ಅವರು ಒಂಟಿಯಾಗಿ ನುಡಿಸುವ ಭಾಗ, ವಾದಕರ ಮನೋಧರ್ಮಕ್ಕೆ ಬಿಟ್ಟದ್ದಾಗಿತ್ತು. ಬೀಥೋವನ್ ತಮ್ಮ ಐದನೇ ಪಿಯಾನೊ ಕಾನ್ಸರ್ಟೊದಲ್ಲಿ ಕೆಡೆನ್ಜಾ ಸೇರಿಸಬಾರದೆಂದೇ ಬರೆದರು. ಗೊತ್ತಿರುವ ಎಂಟು ಬಾರ್‌ನ ಭಾಗವೊಂದನ್ನು ಆರಿಸಿ, ಆರನೇ ಬಾರ್ ಮುಗಿದೊಡನೆ ಪುಸ್ತಕ ಮುಚ್ಚಿ, ಉಳಿದೆರಡನ್ನು ಹಾಡಿಕೊಂಡು ನುಡಿಸಿ. ಕೊನೆಯ ಸ್ವರ ಮಾತ್ರ ಮೂಲದ್ದೇ ಇರಲಿ.

ರೆಕಾರ್ಡಿಂಗನ್ನು ಅಂದೇ ಕೇಳಬೇಡಿ, ಮರುದಿನ ಕೇಳಿ. ಮುಂದಿನ ಸ್ವರ ಬರುವ ಮೊದಲೇ ಬಾಯಿ ತಾನಾಗಿ ಗುನುಗಿದ ಜಾಗಗಳನ್ನು ಗುರುತಿಸಿ, ನಾಳಿನ ಎರಡು ಬಾರ್‌ಗಳನ್ನು ಅಲ್ಲಿಂದಲೇ ಶುರುಮಾಡಿ.