ಅಧ್ಯಕ್ಷರು ಕ್ಷಮಿಸಿದ ಮೇಲೂ ರಾಜ್ಯದ ಕೇಸ್ ಉಳಿಯುತ್ತಾ? ನೋಡುವುದು ಹೀಗೆ

ಅಮೆರಿಕದ ಅಧ್ಯಕ್ಷರು ಯಾರಿಗೋ ಕ್ಷಮಾದಾನ ಕೊಟ್ಟರು ಅಂತ ಸುದ್ದಿ ಬಂದ ಕೂಡಲೇ ಎಲ್ಲ ಮುಗೀತು ಅಂದುಕೊಳ್ಳಬೇಡಿ. ಮೊದಲು ಆರೋಪ ಹೊರಿಸಿದ್ದು ಯಾರು ಅಂತ ನೋಡಿ. ಸಂವಿಧಾನದ 2ನೇ ವಿಧಿ ಕೊಡುವ ಅಧಿಕಾರ ಫೆಡರಲ್, ಅಂದರೆ ಕೇಂದ್ರದ ಕಾನೂನಿನಡಿಯ, ಅಪರಾಧಗಳಿಗೆ ಮಾತ್ರ. ರಾಜ್ಯದ ಕಾನೂನಿನಡಿ ಹಾಕಿದ ಕೇಸನ್ನು ಅಧ್ಯಕ್ಷರು ಮುಟ್ಟುವಂತಿಲ್ಲ.

ಒಂದೇ ಕೃತ್ಯಕ್ಕೆ ಎರಡು ಸಲ ವಿಚಾರಣೆ ಮಾಡಬಾರದು, ಅಲ್ವಾ? ನ್ಯಾಯವಾದ ಪ್ರಶ್ನೆ. ಆದರೆ ರಾಜ್ಯ ಮತ್ತು ಫೆಡರಲ್ ಸರ್ಕಾರ ಬೇರೆ ಬೇರೆ ಸಾರ್ವಭೌಮರು, ಹಾಗಾಗಿ ಇಬ್ಬರ ಕಾನೂನೂ ಮುರಿದರೆ ಅದು ಎರಡು ಅಪರಾಧ ಅಂತ ಸುಪ್ರೀಂ ಕೋರ್ಟ್ 2019ರ ಗ್ಯಾಂಬಲ್ ಪ್ರಕರಣದಲ್ಲಿ 7-2 ಬಹುಮತದಿಂದ ಮತ್ತೆ ಹೇಳಿತು.

ಇಲ್ಲಿಗೇ ನಿಲ್ಲಿಸಬೇಡಿ. ಆ ರಾಜ್ಯದ ಸ್ವಂತ ಕಾನೂನನ್ನೂ ನೋಡಲೇಬೇಕು, ಯಾಕೆಂದರೆ ಕೆಲವು ರಾಜ್ಯಗಳು ಸಂವಿಧಾನಕ್ಕಿಂತ ಜಾಸ್ತಿ ರಕ್ಷಣೆ ಕೊಡುತ್ತವೆ. ಟ್ರಂಪ್ ಅವರ 2016ರ ಚುನಾವಣಾ ಪ್ರಚಾರದ ಮುಖ್ಯಸ್ಥರಾಗಿದ್ದ ಪಾಲ್ ಮ್ಯಾನಫೋರ್ಟ್ ಉದಾಹರಣೆ ತಗೊಳ್ಳಿ. ಅವರಿಗೆ 2020ರ ಡಿಸೆಂಬರ್‌ನಲ್ಲಿ ಕ್ಷಮಾದಾನ ಸಿಕ್ಕಿತು, ಆದರೆ ನ್ಯೂಯಾರ್ಕ್ ರಾಜ್ಯದ ಕೇಸ್ ಅದಕ್ಕೂ ಒಂದು ವರ್ಷ ಮೊದಲೇ ಬಿದ್ದುಹೋಗಿತ್ತು. ಕಾರಣ, ಫೆಡರಲ್ ಕೋರ್ಟಿನಲ್ಲಿ ಅವರ ವಿಚಾರಣೆ ಆಗಲೇ ನಡೆದಿತ್ತು, ಎರಡನೇ ವಿಚಾರಣೆಗೆ ಆ ರಾಜ್ಯದ ಕಾನೂನೇ ಅಡ್ಡ ಬಂತು.

ಕೊನೆಗೆ, ಕ್ಷಮಾದಾನ ಬಂದಾಗ ಕೇಸ್ ಯಾವ ಹಂತದಲ್ಲಿತ್ತು ಅಂತ ತಿಳಿದುಕೊಳ್ಳಿ. ಟ್ರಂಪ್ ಅವರ ಸಲಹೆಗಾರರಾಗಿದ್ದ ಸ್ಟೀವ್ ಬ್ಯಾನನ್‌ಗೆ 2021ರ ಜನವರಿಯಲ್ಲಿ ಕ್ಷಮೆ ಸಿಕ್ಕಾಗ ವಿಚಾರಣೆ ಶುರುವೇ ಆಗಿರಲಿಲ್ಲ. ಹಾಗಾಗಿ ಆ ರಾಜ್ಯದ ಕಾನೂನು ಅಡ್ಡ ಬರಲಿಲ್ಲ, 2022ರಲ್ಲಿ ನ್ಯೂಯಾರ್ಕ್ ಕೇಸ್ ಹಾಕಿತು. 2025ರಲ್ಲಿ ಅವರು ತಪ್ಪೊಪ್ಪಿಕೊಂಡರು.