ಕಡೆದ ಬಟ್ಟಲಿಗೆ ಮೊದಲು ಸುಟ್ಟ ಗೆರೆ, ಆಮೇಲೆ ಬಣ್ಣ

ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರದಲ್ಲಿಯೇ ನಾನು ಬಟ್ಟಲು, ಭರಣಿಗಳನ್ನು ಕಡೆಯುತ್ತೇನೆ. ಅದರ ಮೈ ಕೆನೆಬಣ್ಣದ್ದಾಗಿದ್ದು ಎಳೆ ಒತ್ತಾಗಿರುವುದರಿಂದ, ಮೊನೆ ಕಾಯುವ ಪೆನ್ನಿನಿಂದ ಸುಟ್ಟು ಎಳೆದ ಗೆರೆ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಬೀಟೆಯಂತಹ ಕಪ್ಪು ಮರದ ಮೇಲೆ ಅದೇ ಗೆರೆ ಮುಳುಗಿಹೋಗುತ್ತದೆ; ಅದಕ್ಕೆ ಚಿತ್ತಾರದ ಅಗತ್ಯವೂ ಇಲ್ಲವೆಂಬುದು ನನ್ನ ಅಭಿಪ್ರಾಯ.

ಮರವನ್ನು ತಿರುಗಿಸಿ ಕಡೆಯುವ ಯಂತ್ರವಾದ ಲೇತಿನ ಮೇಲಿರುವಾಗಲೇ ಬಟ್ಟಲಿನ ಹೊರಮೈಯಲ್ಲಿ ಎರಡು ಸಣ್ಣ ಗೀರುಗಳನ್ನು ಕೊರೆದು, ಅವುಗಳ ನಡುವಿನ ಪಟ್ಟಿಯನ್ನು ಚಿತ್ತಾರಕ್ಕೆಂದು ಬರಿದಾಗಿ ಬಿಡುತ್ತೇನೆ. ಆ ಪಟ್ಟಿಯನ್ನು 400ರ ಉಪ್ಪುಕಾಗದದವರೆಗೆ ಉಜ್ಜಿದ ಮೇಲೆ, ಅಂಚು ಮತ್ತು ಪಾದಕ್ಕೆ ಮಾತ್ರ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದು, ತಿರುಗುವ ಬಿಸಿಗೆ ಕರಗಿದ ಅರಗನ್ನು ತಾಳೆಗರಿಯಿಂದ ಹರಡಿ ಹೊಳಪು ಕೊಡುತ್ತೇನೆ. ಅರಗು ಹತ್ತಿದ ಜಾಗವನ್ನು ಸುಡಲು ಬರುವುದಿಲ್ಲ: ಅದು ಕರಗಿ ಹೊಗೆಯಾಡುತ್ತದೆ.

ಪಟ್ಟಿಯನ್ನು ಸಮಭಾಗ ಮಾಡಲು ಕಾಗದದ ಪಟ್ಟಿಯೊಂದನ್ನು ಬಟ್ಟಲಿಗೆ ಸುತ್ತಿ, ಸರಿಯಾದ ಉದ್ದಕ್ಕೆ ಕತ್ತರಿಸಿ, ಮೂರು ಬಾರಿ ಮಡಿಸಿದರೆ ಸಾಕು, ಎಂಟು ಗುರುತುಗಳು ಸಿಗುತ್ತವೆ.

ಸುಡುವ ಕೆಲಸದಲ್ಲಿ ನಿಜವಾದ ಗಮನ ಬೇಕಾಗುವುದು ಮರದ ಎಳೆಯ ದಿಕ್ಕಿಗೆ. ಹಲಗೆಯಿಂದ ಕಡೆದ ಬಟ್ಟಲಿನ ಸುತ್ತಿನಲ್ಲಿ ಎದುರುಬದುರಾದ ಎರಡು ಕಡೆ ಎಳೆಯ ತುದಿಗಳು ಹೊರಮುಖವಾಗಿ ಬರುತ್ತವೆ, ಉಳಿದೆರಡು ಕಡೆ ಎಳೆ ಉದ್ದಕ್ಕೆ ಮಲಗಿರುತ್ತದೆ; ಹೀಗಾಗಿ ಒಂದೇ ಬಿಸಿ, ಒಂದೇ ವೇಗದಲ್ಲಿ ಎಳೆದ ಗೆರೆಯೂ ಸುತ್ತಿ ಬರುವಷ್ಟರಲ್ಲಿ ಎರಡು ಬಗೆಯಾಗಿರುತ್ತದೆ. ಆದ್ದರಿಂದ ಬಟ್ಟಲು ಕಡೆದ ಹಲಗೆಯಲ್ಲೇ ಉಳಿದ ತುಂಡಿನ ಮೇಲೆ ಎರಡೂ ಬಗೆಯ ಎಳೆಗೆ ಬಿಸಿಯನ್ನು ಹೊಂದಿಸಿಕೊಂಡೇ ಕೆಲಸಕ್ಕಿಳಿಯುತ್ತೇನೆ. ಪೆನ್ನಿನ ಕಾದ ಮೊನೆಯನ್ನು ನಿಂತ ಕೈಯಿಂದ ಊರಿದರೆ ಗೆರೆಯ ಆರಂಭದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಕೈ ಚಲಿಸತೊಡಗಿದ ಮೇಲೆ ಮೊನೆ ಮರವನ್ನು ಮುಟ್ಟಬೇಕು, ಚಲಿಸುತ್ತಿರುವಾಗಲೇ ಮೇಲೇಳಬೇಕು. ಗೆರೆ ಗಟ್ಟಿ ಚಹಾದ ಬಣ್ಣಕ್ಕೆ ಬಂದರೆ ಸಾಕು. ಇದ್ದಿಲಾಗುವಷ್ಟು ಸುಟ್ಟರೆ ಆ ಕರಿ ಆಮೇಲೆ ಹಚ್ಚುವ ಬಣ್ಣದಲ್ಲಿ ಬೆರೆತು ಹಳದಿಯನ್ನು ಕೆಡಿಸುತ್ತದೆ. ಹೊಗೆಯನ್ನು ಮುಖದಿಂದ ಆಚೆಗೆ ಸೆಳೆಯುವ ಫ್ಯಾನು ಕಡ್ಡಾಯ.

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಸಿಯನ್ನು ತೆಗೆದ ಬಳಿಕ ಬಣ್ಣ. ತೆಳುವಾದ ಅಕ್ರಿಲಿಕ್ ಬಣ್ಣವು ಬರಿಯ ಮರದಲ್ಲಿ ಎಳೆಯ ಜಾಡು ಹಿಡಿದು ಹರಿಯುತ್ತದೆ, ಆದರೆ ಸುಟ್ಟ ಗೆರೆಯ ತಗ್ಗು ಅದನ್ನು ಹೊಲದ ಬದುವಿನಂತೆ ತಡೆಯುತ್ತದೆ. ಗೆರೆ ಮೊದಲು, ಬಣ್ಣ ಆಮೇಲೆ ಎಂಬ ಕ್ರಮಕ್ಕೆ ಕಾರಣವೇ ಇದು. ಅರಿಶಿನದ ಹಳದಿ ನನಗೆ ಬಹಳ ಇಷ್ಟವಾದರೂ ಅದು ಬೆಳಕಿಗೆ ಬೇಗ ಮಾಸುವುದರಿಂದ, ಕಿಟಕಿಯ ಬಳಿ ಇಡುವ ಪಾತ್ರೆಗಳಿಗೆ ಅದನ್ನು ಬಳಸುವುದಿಲ್ಲ.

ಕೊನೆಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶನ್ನು ಮೃದುವಾದ ಕುಂಚದಿಂದ ಒಂದೇ ಎಳೆತಕ್ಕೆ ಹಚ್ಚುತ್ತೇನೆ, ಏಕೆಂದರೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಉಜ್ಜಿದರೆ ಸ್ಪಿರಿಟ್ ಅಕ್ರಿಲಿಕ್ ಬಣ್ಣವನ್ನು ಸಡಿಲಿಸುತ್ತದೆ. ತಿನಿಸು ಇಡುವ ಬಟ್ಟಲಾದರೆ ಒಳಮೈಗೆ ಬಣ್ಣವನ್ನೂ ಸುಟ್ಟ ಗೆರೆಯನ್ನೂ ಸೋಕಿಸದೆ, ಬಣ್ಣ ಬೆರೆಸದ ಅರಗನ್ನಷ್ಟೇ ಲೇತಿನ ಮೇಲೆ ಕೊಡುತ್ತೇನೆ.