ರೆಫರ್ ಮಾಡಿದ ರೋಗಿ ಹೋದರಾ, ಇಲ್ವಾ?

ಮಂಡ್ಯ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನನ್ನ ಕೆಲಸ. ಹೃದಯದ ತೊಂದರೆ ಇದ್ದವರನ್ನು ಮೈಸೂರಿನ ಜಯದೇವಕ್ಕೆ, ಉಳಿದವರನ್ನು ಹೆಚ್ಚಾಗಿ ಮಂಡ್ಯದ ಮಿಮ್ಸ್‌ಗೆ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಚೀಟಿ ಬರೆದು ಕಳಿಸುತ್ತೇವೆ. ಆಮೇಲೆ ಏನಾಯ್ತು ಅನ್ನೋದೇ ತಿಳಿಯುತ್ತಿರಲಿಲ್ಲ. ರಿಜಿಸ್ಟರ್‌ನಲ್ಲಿ 'ರೆಫರ್ಡ್' ಅಂತ ಇರುತ್ತಿತ್ತು, ಅಷ್ಟೇ.

ಈಗ ಒಂದು ಗೂಗಲ್ ಶೀಟ್ ಮಾಡಿದ್ದೇನೆ. ಕಳಿಸಿದ ದಿನ, ವಿಭಾಗ, ಅರ್ಜೆಂಟಾ ಅಲ್ವಾ, ಹೋದ ದಿನ, ವರದಿ ಬಂದ ದಿನ. ಕೊನೆಯ ಎರಡು ಕಾಲಂ ಬೇರೆ ಬೇರೆ ಇರಲೇಬೇಕು. ರೋಗಿ ಹೋಗಿ ಬಂದರೂ ಅಲ್ಲಿನ ಚೀಟಿ ಮನೆಯ ಬೀರುವಿನಲ್ಲೇ ಉಳಿದರೆ ಮಾತ್ರೆ ಮುಂದುವರಿಸುವುದು ಹೇಗೆ?

ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ (ಷರತ್ತಿನಂತೆ ಸಾಲಿನ ಬಣ್ಣ ಬದಲಿಸುವ ಸೌಲಭ್ಯ) ಇವತ್ತಿನ ದಿನಾಂಕ ಕೊಡುವ ಟುಡೇ ಫಂಕ್ಷನ್ ಹಾಕಿದೆ. ಅರ್ಜೆಂಟ್ ಆದರೆ 3 ದಿನ, ಇಲ್ಲದಿದ್ದರೆ 14 ದಿನ ದಾಟಿಯೂ 'ಹೋದ ದಿನ' ಖಾಲಿ ಇದ್ದರೆ ಆ ಸಾಲು ಕೆಂಪಾಗುತ್ತದೆ. (108ರಲ್ಲಿ ಕಳಿಸುವ ಎಮರ್ಜೆನ್ಸಿಗೆ ಇದೆಲ್ಲ ಆಗಲ್ಲ, ಅವತ್ತೇ ಫೋನ್.) ಸೋಮವಾರ ಕೆಂಪು ಸಾಲುಗಳನ್ನು ಆಶಾ ಕಾರ್ಯಕರ್ತೆಯರಿಗೆ ಹಂಚುತ್ತೇವೆ. ಕಾಲು ಊದಿಕೊಂಡಿದ್ದ ಅಜ್ಜಿಯೊಬ್ಬರು ಹೋಗೇ ಇರಲಿಲ್ಲ. "ಕಬ್ಬು ಕಟಾವು ಮುಗೀಲಿ ಕನವ್ವ, ಮಗ ಕರ್ಕೊಂಡು ಹೋಯ್ತನೆ" ಅಂದರಂತೆ. ಇಂಥ ಕಾರಣ ಬರೆಯಲು ಆಮೇಲೆ ಇನ್ನೊಂದು ಕಾಲಂ ಸೇರಿಸಿದೆ. ಜಾಸ್ತಿ ಉಪಯೋಗಕ್ಕೆ ಬಂದಿದ್ದು ಅದೇ.

ಹೆಸರಿನಿಂದ ಹುಡುಕಲು ಹೋಗಬೇಡಿ, ಊರಿಗೆ ನಾಲ್ಕು ಜನ ಮಹದೇವಮ್ಮ ಇರುತ್ತಾರೆ. 14 ಅಂಕಿಯ ಆಭಾ (ಆರೋಗ್ಯ ಖಾತೆ) ಸಂಖ್ಯೆ ಹಾಕಿ. ಶೀಟಿನ ಲಿಂಕನ್ನು ಸುಮ್ನೆ ವಾಟ್ಸಾಪ್ ಗ್ರೂಪಿಗೆ ಬಿಡಬೇಡಿ, ಬೇಕಾದವರ ಇಮೇಲ್‌ಗೆ ಮಾತ್ರ ಅನುಮತಿ ಕೊಡಿ.